ಸಸ್ಯವೈದ್ಯ ಲೆಸ್ಲಿ ಕೋಲ್ಮನ್

ಮೈಸೂರು ನಗರದ ಹಳೆಯ ರಸ್ತೆಗಳ ಇಕ್ಕೆಲಗಳಲ್ಲಿಯೂ ಕೆರೆಗಳ ಏರಿಯ ಮೇಲೂ ತಲೆಮಾರುಗಳಿಂದ ನಿಂತ ಮರಗಳುಂಟು. ಮಳೆಗಾಲ ಮುಗಿಯುವ ಹೊತ್ತಿಗೆ ಇಂಥ ಮುದಿ ಮರಗಳ ಬುಡವನ್ನೋ ಕೊಂಬೆ ಮುರಿದ ಗಾಯವನ್ನೋ ಗಮನಿಸಿ ನೋಡಿದರೆ, ಗೋಡೆಗೆ ಬಡಿದ ಚಿಕ್ಕ ಹಲಗೆಯಂತೆ ಅಡ್ಡಲಾಗಿ ಚಾಚಿಕೊಂಡಿರುವ ಅಣಬೆಗಳು ಕಾಣಸಿಗುತ್ತವೆ. ಇವು ಮಳೆ ಬಿದ್ದ ಮರುದಿನ ಹುಟ್ಟಿ ಎರಡು ದಿನಗಳಲ್ಲಿ ಬಾಡಿಹೋಗುವ ನಾಯಿಕೊಡೆಗಳಲ್ಲ. ಮರದಷ್ಟೇ ಗಟ್ಟಿಯಾಗಿ, ತಿಂಗಳುಗಟ್ಟಲೆ, ಕೆಲವು ಜಾತಿಗಳಲ್ಲಿ ವರ್ಷಗಟ್ಟಲೆ ಉಳಿಯುವಂಥವು. ದಾರಿಹೋಕರು ಇವನ್ನು ಮರದ ಮೇಲೆ ಬೆಳೆದ ಒಂದು ವಿಚಿತ್ರವೆಂದಷ್ಟೇ ಭಾವಿಸಿ ಮುಂದೆ ಸಾಗುತ್ತಾರೆ. ಆದರೆ ಬಲ್ಲವರಿಗೆ ಅದು ಮರದ ಒಳಗಿನ ಸ್ಥಿತಿಯನ್ನು ತಿಳಿಸುವ ಸಂಕೇತ. ನಾಡಿವೈದ್ಯನು ಕೈಹಿಡಿದು ರೋಗವನ್ನು ಅರಿಯುವಂತೆ, ಸಸ್ಯವೈದ್ಯನು ಇಂಥ ಕುರುಹುಗಳಿಂದ ಮರದ ರೋಗವನ್ನು ಅರಿಯುತ್ತಾನೆ.

ಈ ಸಸ್ಯವೈದ್ಯಶಾಸ್ತ್ರವು ಕನ್ನಡ ನಾಡಿನಲ್ಲಿ ಬೇರೂರಲು ಕಾರಣರಾದವರಲ್ಲಿ ಅಗ್ರಗಣ್ಯರು ಡಾಕ್ಟರ್ ಲೆಸ್ಲಿ ಚಾರ್ಲ್ಸ್ ಕೋಲ್ಮನ್. ಅವರು ಹುಟ್ಟಿದ್ದು ಸಾವಿರಾರು ಮೈಲಿಗಳಾಚೆಯ ಕೆನಡಾ ದೇಶದಲ್ಲಿ. ಆದರೆ ಜೀವನದ ಅತ್ಯುತ್ತಮ ವರ್ಷಗಳನ್ನು ಮುಡಿಪಾಗಿಟ್ಟಿದ್ದು ಮೈಸೂರು ಸಂಸ್ಥಾನದ ರೈತರ ಸೇವೆಗೆ.

ಕೋಲ್ಮನ್ನರು 1878ನೆಯ ಇಸವಿ ಜೂನ್ 16ರಂದು ಕೆನಡಾದ ಒಂಟಾರಿಯೊ ಪ್ರಾಂತದಲ್ಲಿ ಜನಿಸಿದರು. ಟೊರಾಂಟೊ ವಿಶ್ವವಿದ್ಯಾನಿಲಯದಲ್ಲಿ ಪದವಿಯನ್ನು ಪಡೆದ ತರುವಾಯ ಜರ್ಮನಿಯ ಗೊಟ್ಟಿಂಗೆನ್ ನಗರಕ್ಕೆ ತೆರಳಿ ಉನ್ನತ ವ್ಯಾಸಂಗವನ್ನು ಕೈಗೊಂಡರು. ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳು ಸಾರಜನಕವನ್ನು ಸಸ್ಯಗಳಿಗೆ ಒದಗುವ ರೂಪಕ್ಕೆ ಪರಿವರ್ತಿಸುವ ಬಗೆಯೇ ಅಲ್ಲಿ ಅವರ ಸಂಶೋಧನೆಯ ವಿಷಯವಾಗಿತ್ತು. ಬರಿಗಣ್ಣಿಗೆ ಕಾಣದ ಜೀವಿಗಳು ಬೆಳೆಯ ಭವಿಷ್ಯವನ್ನು ನಿರ್ಧರಿಸುತ್ತವೆ ಎಂಬ ಅರಿವು ಅವರಿಗೆ ಆ ದಿನಗಳಲ್ಲಿಯೇ ದೃಢವಾಯಿತು. 1908ರಲ್ಲಿ, ತಮ್ಮ ಮೂವತ್ತನೆಯ ವಯಸ್ಸಿನಲ್ಲಿ, ಅವರು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿ ಶಿಲೀಂಧ್ರ ಹಾಗೂ ಕೀಟಶಾಸ್ತ್ರಜ್ಞರ ಹುದ್ದೆಯನ್ನು ವಹಿಸಿಕೊಂಡರು. ಆಗ ಸಂಸ್ಥಾನವನ್ನು ಆಳುತ್ತಿದ್ದವರು ನಾಲ್ವಡಿ ಕೃಷ್ಣರಾಜ ಒಡೆಯರು.

ಆ ಕಾಲದ ಮಲೆನಾಡಿನ ಅಡಿಕೆ ಬೆಳೆಗಾರರ ಸ್ಥಿತಿ ಶೋಚನೀಯವಾಗಿತ್ತು. ಅಡಿಕೆಯ ತೋಟವೆಂದರೆ ಒಂದು ವರ್ಷದ ಬೆಳೆಯಲ್ಲ. ಸಸಿ ನೆಟ್ಟು ಐದಾರು ವರ್ಷ ಕಾದ ಮೇಲೆ ಅದು ಫಲ ಕೊಡತೊಡಗುತ್ತದೆ. ತಾತ ನೆಟ್ಟ ಮರದಿಂದ ಮೊಮ್ಮಗ ಗೊನೆ ಇಳಿಸುವುದು ಅಲ್ಲಿನ ವಾಡಿಕೆ. ಹೀಗೆ ಬೆಳೆಸಿದ ತೋಟಕ್ಕೆ ಎರಡು ಪೀಡೆಗಳು ಅಂಟಿಕೊಂಡಿದ್ದವು. ಒಂದು, ಗೊನೆಯನ್ನು ಕೊಳೆಸಿ ಕಾಯಿಗಳನ್ನು ಉದುರಿಸುವ ಕೊಳೆರೋಗ. ಇನ್ನೊಂದು, ಮರವನ್ನೇ ಬುಡದಿಂದ ಕೊಲ್ಲುವ ಅಣಬೆ ರೋಗ. ಮೊದಲನೆಯದು ಆ ವರ್ಷದ ಅನ್ನವನ್ನು ಕಸಿದರೆ ಎರಡನೆಯದು ಮುಂದಿನ ತಲೆಮಾರಿನ ಅನ್ನವನ್ನೂ ಕಸಿಯುತ್ತಿತ್ತು. ಭಾರತದ ಶಿಲೀಂಧ್ರಶಾಸ್ತ್ರದ ಪಿತಾಮಹರೆಂದು ಹೆಸರಾದ ಐರ್ಲೆಂಡ್ ಮೂಲದ ಎಡ್ವಿನ್ ಜಾನ್ ಬಟ್ಲರ್ ಅವರು ತಾಳೆಯ ಜಾತಿಯ ಮರಗಳ ರೋಗಗಳನ್ನು ಕುರಿತು 1906ರಲ್ಲಿ ಬರೆದಾಗ ಈ ನಾಡಿನ ಅಡಿಕೆಯ ರೋಗಗಳತ್ತ ವಿದ್ವಾಂಸರ ಗಮನ ಹರಿದಿತ್ತು. ಆದರೆ ತೋಟದಲ್ಲಿ ನಿಂತು, ಮಳೆಯಲ್ಲಿ ನೆನೆದು, ರೈತನ ಕೈಗೆಟಕುವ ಪರಿಹಾರವನ್ನು ಹುಡುಕುವ ಕಾರ್ಯ ಇನ್ನೂ ಉಳಿದಿತ್ತು.

ಕೋಲ್ಮನ್ನರು ಮೊದಲು ಕೈಗೆತ್ತಿಕೊಂಡದ್ದು ಕೊಳೆರೋಗವನ್ನು. ಮುಂಗಾರು ಬಿರುಸುಗೊಂಡು ಬಿಸಿಲೇ ಕಾಣದೆ ದಿನಗಟ್ಟಲೆ ಮಳೆ ಹಿಡಿದಾಗ ಎಳೆಯ ಅಡಿಕೆಕಾಯಿಗಳ ಮೇಲೆ ನೀರಿನಿಂದ ತೊಯ್ದಂಥ ಕಲೆಗಳು ಮೂಡುತ್ತಿದ್ದವು. ಕಾಯಿಯ ಬಣ್ಣ ಕೆಟ್ಟು, ಮೈಮೇಲೆ ಬಿಳಿಯ ಬೂಷ್ಟು ಹರಡಿ, ಕೊನೆಗೆ ಗೊನೆಗೆ ಗೊನೆಯೇ ಬರಿದಾಗಿ ಕಾಯಿಗಳು ನೆಲಕ್ಕೆ ಉದುರುತ್ತಿದ್ದವು. ಇದಕ್ಕೆ ಮಳೆಯೇ ಕಾರಣವೆಂದು ಬಗೆದ ಬೆಳೆಗಾರರು ಮಳೆಗಾಲಕ್ಕೆ ಮುಂಚೆ ಪ್ರತಿ ಗೊನೆಗೂ ಕೊಟ್ಟೆ ಕಟ್ಟುತ್ತಿದ್ದರು. ಗೊನೆಗೆ ನೀರು ತಾಗದಂತೆ ಹೊದಿಸುವ ಈ ಕ್ರಮ ನಿರರ್ಥಕವೇನೂ ಆಗಿರಲಿಲ್ಲ. ಆದರೆ ಸಾವಿರಾರು ಮರಗಳ ತುದಿಗೆ ಏರಿ ಒಂದೊಂದು ಗೊನೆಗೂ ಹೊದಿಕೆ ಕಟ್ಟುವುದು ಅಪಾರ ಶ್ರಮದ, ಖರ್ಚಿನ ಕೆಲಸವಾಗಿತ್ತು.

ಸೂಕ್ಷ್ಮದರ್ಶಕದ ಕೆಳಗೆ ಆ ಬಿಳಿಯ ಬೂಷ್ಟನ್ನು ಪರೀಕ್ಷಿಸಿದ ಕೋಲ್ಮನ್ನರಿಗೆ ಅದರಲ್ಲಿ ಫೈಟಾಫ್ತೊರ ಎಂಬ ಕುಲಕ್ಕೆ ಸೇರಿದ ಜೀವಿ ಕಂಡುಬಂದಿತು. 1845ರಿಂದ ಮುಂದೆ ಐರ್ಲೆಂಡಿನಲ್ಲಿ ಆಲೂಗಡ್ಡೆಯ ಬೆಳೆಯನ್ನು ನಾಶಮಾಡಿ, ಸುಮಾರು ಹತ್ತು ಲಕ್ಷ ಜನರ ಸಾವಿಗೆ ಕಾರಣವಾದ ಘೋರ ಕ್ಷಾಮವನ್ನು ತಂದದ್ದು ಇದೇ ಕುಲದ ಇನ್ನೊಂದು ಜೀವಿ. ಇದರ ಬೀಜಾಣುಗಳು ನೀರಿನ ತೆಳ್ಳನೆಯ ಪದರದಲ್ಲಿ ಈಜಿ ಹರಡುತ್ತವೆ. ಆದುದರಿಂದಲೇ ಎಡೆಬಿಡದ ಮಳೆಯಲ್ಲಿ ರೋಗವು ಗೊನೆಯಿಂದ ಗೊನೆಗೆ ವ್ಯಾಪಿಸುತ್ತದೆ. ಮಳೆಯು ರೋಗದ ವಾಹನವೇ ಹೊರತು ರೋಗದ ಮೂಲವಲ್ಲ ಎಂಬುದು ಇದರಿಂದ ಸ್ಪಷ್ಟವಾಯಿತು. ಕೋಲ್ಮನ್ನರು ತಮ್ಮ ಶೋಧನೆಗಳನ್ನು 1910ರಲ್ಲಿ ಪ್ರಕಟಿಸಿದರು. ಅವರು ವಿವರಿಸಿದ ಆ ಜೀವಿಗೆ ಅಡಿಕೆಯ ಹೆಸರೇ ಸೇರಿಕೊಂಡು, ಮುಂದೆ 1913ರಲ್ಲಿ ಫೈಟಾಫ್ತೊರ ಅರೆಕೆ ಎಂಬ ನಾಮಧೇಯ ಶಾಸ್ತ್ರಗ್ರಂಥಗಳಲ್ಲಿ ನೆಲೆಗೊಂಡಿತು. ಇಂದಿನ ವರ್ಗೀಕರಣದಲ್ಲಿ ಈ ಕುಲವನ್ನು ನಿಜವಾದ ಶಿಲೀಂಧ್ರಗಳಿಂದ ಬೇರ್ಪಡಿಸಿ ಬೇರೊಂದು ಗುಂಪಿಗೆ ಸೇರಿಸಲಾಗಿದೆ.

ಕಾರಣ ತಿಳಿದ ಮೇಲೆ ಪರಿಹಾರದ ದಾರಿ ತೆರೆಯಿತು. ಫ್ರಾನ್ಸ್ ದೇಶದ ದ್ರಾಕ್ಷಿತೋಟಗಳಲ್ಲಿ 1880ರ ದಶಕದಲ್ಲಿ ಬಳಕೆಗೆ ಬಂದಿದ್ದ, ಮೈಲುತುತ್ತ ಮತ್ತು ಸುಣ್ಣಗಳ ಬೋರ್ಡೊ ದ್ರಾವಣವನ್ನು ಕೋಲ್ಮನ್ನರು ಅಡಿಕೆಯ ಗೊನೆಗಳಿಗೆ ಅಳವಡಿಸಿದರು. ನೂರು ಲೀಟರ್ ನೀರಿಗೆ ಒಂದು ಕಿಲೋಗ್ರಾಂ ಮೈಲುತುತ್ತ, ಒಂದು ಕಿಲೋಗ್ರಾಂ ಸುಣ್ಣ: ಇದು ಇಂದಿಗೂ ಬೆಳೆಗಾರರು ಬಳಸುವ ಪ್ರಮಾಣ. ಮಲೆನಾಡಿನ ಮಳೆಗೆ ದ್ರಾವಣ ತೊಳೆದುಹೋಗದಂತೆ ಅಂಟುದ್ರವ್ಯವನ್ನು ಬೆರೆಸುವ ಕ್ರಮವೂ ರೂಢಿಗೆ ಬಂದಿತು. ಬೇಕಾಗುವ ಸಾಮಗ್ರಿ ಅಗ್ಗವಾದುದು, ತಯಾರಿಸುವ ವಿಧಾನ ಸರಳವಾದುದು. ರೋಗ ತಗುಲುವ ಮುನ್ನವೇ ಸಿಂಪಡಿಸಬೇಕೆಂಬುದೊಂದೇ ಕಟ್ಟುನಿಟ್ಟಾದ ನಿಯಮ. ನೂರು ವರ್ಷಗಳು ಕಳೆದ ಮೇಲೆಯೂ ಮುಂಗಾರಿನ ಆರಂಭದಲ್ಲಿ ಕೊನೆಗೌಡರು ಮರವೇರಿ ನೀಲಿಯ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸುವ ನೋಟ ಮಲೆನಾಡಿನಲ್ಲಿ ಸಾಮಾನ್ಯವಾಗಿದೆ.

ಅಣಬೆ ರೋಗದ ಕಥೆ ಇಷ್ಟು ಸುಖಾಂತವಾದುದಲ್ಲ. ಈ ರೋಗದಲ್ಲಿ ಮೊದಲು ಕೆಳಗಿನ ಸೋಗೆಗಳು ಹಳದಿಯಾಗಿ ಜೋತುಬೀಳುತ್ತವೆ, ಬರಬರುತ್ತ ಮರದ ತಲೆ ಕಿರಿದಾಗುತ್ತದೆ, ಫಸಲು ಇಳಿಯುತ್ತದೆ, ಕಾಂಡದ ಬುಡದಲ್ಲಿ ಕಂದುಬಣ್ಣದ ರಸ ಒಸರುತ್ತದೆ. ಎಲ್ಲಕ್ಕೂ ಕೊನೆಯಲ್ಲಿ ಬುಡದಿಂದ ಅಣಬೆ ಹೊರಬರುತ್ತದೆ. ರೈತರು ರೋಗಕ್ಕೆ ಇಟ್ಟ ಹೆಸರಿನಲ್ಲಿಯೇ ಅದರ ಕಾರಣ ಅಡಗಿತ್ತೆಂಬುದು ಗಮನಾರ್ಹವಾದ ಸಂಗತಿ. ಕೊಳೆರೋಗದಲ್ಲಿ ಶತ್ರು ಕಣ್ಣಿಗೆ ಕಾಣದಷ್ಟು ಸೂಕ್ಷ್ಮ, ಆದರೆ ಅದನ್ನು ತಡೆಯುವುದು ಸಾಧ್ಯ. ಅಣಬೆ ರೋಗದಲ್ಲಿ ಶತ್ರು ಅಂಗೈಯಗಲ ಬೆಳೆದು ಎದುರಿಗೇ ಕಾಣುತ್ತದೆ, ಆದರೆ ಕಾಣುವ ವೇಳೆಗೆ ಕಾಲ ಮಿಂಚಿರುತ್ತದೆ.

ಇದಕ್ಕೆ ಕಾರಣವನ್ನು ತಿಳಿಯಬೇಕಾದರೆ ಮರದ ಅಣಬೆಗಳ ಸ್ವರೂಪವನ್ನು ಅರಿಯಬೇಕು. ಹೊರಗೆ ಕಾಣುವ ಹಲಗೆಯಂಥ ಭಾಗವು ಶಿಲೀಂಧ್ರದ ಫಲಾಂಗ ಮಾತ್ರ. ಮಾವಿನ ಹಣ್ಣು ಮಾವಿನ ಮರವಲ್ಲ. ಹಾಗೆಯೇ ಅಣಬೆಯೇ ಇಡೀ ಶಿಲೀಂಧ್ರವಲ್ಲ. ಅದರ ನಿಜವಾದ ದೇಹವು ಕೂದಲಿಗಿಂತ ತೆಳುವಾದ ಎಳೆಗಳ ಜಾಲವಾಗಿ ಬೇರು, ಕಾಂಡಗಳ ಒಳಗೆ ಹಬ್ಬಿರುತ್ತದೆ. ಈ ಎಳೆಗಳು ಸ್ರವಿಸುವ ದ್ರವ್ಯಗಳು ಕಟ್ಟಿಗೆಯನ್ನು ಕರಗಿಸಿ ಆಹಾರವನ್ನಾಗಿ ಮಾಡಿಕೊಳ್ಳುತ್ತವೆ. ಸಾಕಷ್ಟು ಕಾಲ ಒಳಗೇ ಬೆಳೆದ ಮೇಲೆ ಶಿಲೀಂಧ್ರವು ತನ್ನ ಸಂತತಿಯನ್ನು ಹರಡಲು ಫಲಾಂಗವನ್ನು ಹೊರಕ್ಕೆ ಚಾಚುತ್ತದೆ. ಆದುದರಿಂದ ಅಣಬೆಯನ್ನು ಕಿತ್ತೆಸೆದರೆ ರೋಗವನ್ನು ಕಿತ್ತಂತಾಗುವುದಿಲ್ಲ.

ಅಣಬೆಯನ್ನು ಗುರುತಿಸುವುದಕ್ಕೂ ಒಂದು ಕ್ರಮವುಂಟು. ಮೊದಲನೆಯದಾಗಿ ಅದು ಯಾವ ಮರದ ಮೇಲೆ, ಯಾವ ಭಾಗದಲ್ಲಿ ಬೆಳೆದಿದೆಯೆಂಬುದನ್ನು ಗುರುತುಹಾಕಿಕೊಳ್ಳಬೇಕು. ಬುಡದ ಅಣಬೆ ಬೇರಿನ ಕೊಳೆತವನ್ನು ಸೂಚಿಸಿದರೆ, ಮೇಲಿನ ಗಾಯದ ಅಣಬೆ ಕಾಂಡದ ತಿರುಳಿನ ಕೊಳೆತವನ್ನು ಸೂಚಿಸಬಹುದು. ಎರಡನೆಯದಾಗಿ ಅದರ ಕೆಳಮೈಯನ್ನು ನೋಡಬೇಕು. ಕೊಡೆಯಣಬೆಗಳಲ್ಲಿ ಪುಸ್ತಕದ ಹಾಳೆಗಳಂಥ ಮಡಿಕೆಗಳಿದ್ದರೆ, ಹಲಗೆಯಣಬೆಗಳಲ್ಲಿ ಬಹುಮಟ್ಟಿಗೆ ಸೂಜಿಮೊನೆಯಷ್ಟು ಸಣ್ಣ ರಂಧ್ರಗಳಿರುತ್ತವೆ. ಬೀಜಾಣುಗಳು ಈ ರಂಧ್ರಗಳಿಂದ ಉದುರಿ ಗಾಳಿಯಲ್ಲಿ ಸೇರಬೇಕಾದುದರಿಂದ ರಂಧ್ರಗಳು ಸದಾ ನೆಲದತ್ತ ಮುಖಮಾಡಿರುತ್ತವೆ. ಮರ ಉರುಳಿಬಿದ್ದರೆ ಆಮೇಲೆ ಹುಟ್ಟುವ ಅಣಬೆಗಳು ಹೊಸ ದಿಕ್ಕಿಗೆ ತಿರುಗಿ ಬೆಳೆಯುತ್ತವೆ. ಮೂರನೆಯದಾಗಿ ಮೇಲ್ಮೈಯ ಬಣ್ಣ, ಹೊಳಪು, ವಲಯಗಳು ಮತ್ತು ಬೀಜಾಣುಗಳ ಬಣ್ಣವನ್ನು ಪರಿಶೀಲಿಸಬೇಕು. ಅಡಿಕೆ, ತೆಂಗುಗಳನ್ನು ಕಾಡುವ ಗ್ಯಾನೊಡರ್ಮ ಕುಲದ ಅಣಬೆಯ ಮೇಲ್ಮೈ ಅರಗು ಬಳಿದಂತೆ ಕೆಂಗಂದು ಬಣ್ಣದಿಂದ ಹೊಳೆಯುತ್ತದೆ. ಕೆಳಮೈ ಎಳೆಯದರಲ್ಲಿ ಬೆಳ್ಳಗಿರುತ್ತದೆ. ಬೀಜಾಣುಗಳ ಪುಡಿ ಕಂದುಬಣ್ಣದ್ದು. ಹೊಂಗೆ, ಗುಲ್‌ಮೊಹರ್ ಮೊದಲಾದ ಸಾಲುಮರಗಳ ಬುಡದಲ್ಲಿಯೂ ಈ ಕುಲದ ಅಣಬೆಗಳು ಕಾಣಬರುತ್ತವೆ.

ಅಣಬೆ ರೋಗವು ಬೇರಿನಿಂದ ಬೇರಿಗೆ ಮಣ್ಣಿನ ಮೂಲಕ ಹರಡುವುದರಿಂದ ಸತ್ತ ಮರದ ಬೊಡ್ಡೆಯನ್ನು ಬೇರುಸಹಿತ ಅಗೆದು ಸುಡುವುದು, ರೋಗ ತಗುಲಿದ ಮರದ ಸುತ್ತ ಅಗಳು ತೋಡಿ ಅದನ್ನು ಪ್ರತ್ಯೇಕಿಸುವುದು, ನೀರು ನಿಲ್ಲದಂತೆ ಬಸಿಗಾಲುವೆ ಮಾಡುವುದು ಇವೇ ಮುಖ್ಯ ಉಪಾಯಗಳಾದವು. ಇದ್ದ ಮರವನ್ನು ಬಲಿಗೊಟ್ಟು ಉಳಿದ ಮರಗಳನ್ನು ಕಾಯುವ ಈ ಕ್ರಮವನ್ನು ಬೆಳೆಗಾರನು ಒಪ್ಪಿಕೊಳ್ಳುವುದು ಸುಲಭವಲ್ಲ. ಇನ್ನೂ ಒಂದೆರಡು ಗೊನೆ ಬಿಡುವ ಮರವನ್ನು ಕಡಿಯಲು ಯಾರ ಕೈಯೂ ಏಳುವುದಿಲ್ಲ. ಆದರೆ ಹಾಗೆ ಉಳಿಸಿದ ಒಂದು ಮರ ನೆರೆಯ ಹತ್ತು ಮರಗಳಿಗೆ ಮೃತ್ಯುವಾಗಬಲ್ಲದು. ಮೈಸೂರಿನ ಶಿಲೀಂಧ್ರಶಾಸ್ತ್ರಜ್ಞರಾದ ಎಸ್. ವಿ. ವೆಂಕಟರಾಯನ್ ಅವರು ಅಡಿಕೆ ಮತ್ತು ತೆಂಗಿನ ಮೇಲಿನ ಈ ಅಣಬೆಯ ಜೀವನಕ್ರಮವನ್ನು ಕುರಿತು 1936ರಲ್ಲಿ ಅಂತರರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ವಿಸ್ತಾರವಾದ ಪ್ರಬಂಧವನ್ನು ಪ್ರಕಟಿಸಿದರು. ಆ ವೇಳೆಗೆ ಕೋಲ್ಮನ್ನರು ನಿವೃತ್ತರಾಗಿದ್ದರು. ಆದರೆ ಅವರು ಆರಂಭಿಸಿದ ಕೆಲಸ ನಿಂತಿರಲಿಲ್ಲ.

ಕೋಲ್ಮನ್ನರನ್ನು ಎದುರಿಸಿದ ಮೂರನೆಯ ಸಮಸ್ಯೆ ಇವೆರಡಕ್ಕಿಂತ ನಿಗೂಢವಾದುದು. ಶ್ರೀಗಂಧವು ಮೈಸೂರು ಸಂಸ್ಥಾನದ ಸಂಪತ್ತು. ಅದರ ಮಾರಾಟದ ಹಕ್ಕು ಸರ್ಕಾರಕ್ಕೆ ಮಾತ್ರ ಸೇರಿತ್ತು. ಒಂದನೆಯ ಮಹಾಯುದ್ಧದ ಕಾಲದಲ್ಲಿ ಬೆಂಗಳೂರಿನಲ್ಲಿಯೂ ಮೈಸೂರಿನಲ್ಲಿಯೂ ಗಂಧದೆಣ್ಣೆಯ ಕಾರ್ಖಾನೆಗಳು ಸ್ಥಾಪಿತವಾದವು. ಆದರೆ ಅದೇ ಕಾಲಕ್ಕೆ ಗಂಧದ ಮರಗಳು ಸ್ಪೈಕ್ ಎಂಬ ರೋಗಕ್ಕೆ ಬಲಿಯಾಗುತ್ತಿದ್ದವು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕೊಡಗಿನಲ್ಲಿ ಮೊದಲು ಗಮನಕ್ಕೆ ಬಂದ ಈ ರೋಗದಲ್ಲಿ ಎಲೆಗಳು ಕಿರಿದಾಗಿ ಮುಳ್ಳುಗಳಂತೆ ನೆಟ್ಟಗೆ ನಿಲ್ಲುತ್ತವೆ. ಹೂವು, ಕಾಯಿಗಳು ನಿಲ್ಲುತ್ತವೆ. ಎರಡು ಮೂರು ವರ್ಷಗಳಲ್ಲಿ ಮರ ಸಾಯುತ್ತದೆ. ಇಲ್ಲಿ ಬುಡದಲ್ಲಿ ಅಣಬೆಯೂ ಇಲ್ಲ, ಸೂಕ್ಷ್ಮದರ್ಶಕಕ್ಕೆ ಕಾಣುವ ಶಿಲೀಂಧ್ರವೂ ಇಲ್ಲ. ರೋಗವು ಮಣ್ಣಿನ ದೋಷವೋ, ಬರದ ಫಲವೋ, ಅಂಟುವಂಥದೋ ಎಂಬ ವಿಷಯದಲ್ಲಿ ಪಂಡಿತರಲ್ಲಿಯೇ ಭಿನ್ನಾಭಿಪ್ರಾಯವಿತ್ತು. ಕೋಲ್ಮನ್ನರು ರೋಗದ ಮರದ ಭಾಗವನ್ನು ಆರೋಗ್ಯವಂತ ಮರಕ್ಕೆ ಕಸಿ ಮಾಡುವ ಪ್ರಯೋಗಗಳ ಮೂಲಕ ಇದು ಅಂಟುರೋಗವೆಂಬ ನಿರ್ಣಯಕ್ಕೆ ಬಂದು, 1917ರಲ್ಲಿ ಅದನ್ನು ಪ್ರಕಟಿಸಿದರು. ಕಾಣದ ಕಾರಣವನ್ನು ಅವರು ಹೆಸರಿಸಲಾಗಲಿಲ್ಲ. ಆದರೆ ಅದು ಇದೆಯೆಂಬುದನ್ನು ತೋರಿಸಿದರು. ಅರ್ಧಶತಮಾನದ ಬಳಿಕ, 1969ರಲ್ಲಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ನೆರವಿನಿಂದ ಇಂದು ಫೈಟೊಪ್ಲಾಸ್ಮ ಎಂದು ಕರೆಯುವ ಅತಿಸೂಕ್ಷ್ಮ ಜೀವಿಗಳು ಆ ಮರಗಳಲ್ಲಿ ಪತ್ತೆಯಾದವು.

1913ರಲ್ಲಿ ಕೋಲ್ಮನ್ನರು ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾದರು. ಆಗ ದಿವಾನರಾಗಿದ್ದವರು ಸರ್ ಎಂ. ವಿಶ್ವೇಶ್ವರಯ್ಯನವರು. ಅದೇ ವರ್ಷ ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿಶಾಲೆ ಆರಂಭವಾಯಿತು. ಅದು ಮುಂದೆ ಕೃಷಿ ಕಾಲೇಜಾಗಿ, 1960ರ ದಶಕದಲ್ಲಿ ಕೃಷಿ ವಿಶ್ವವಿದ್ಯಾನಿಲಯವಾಗಿ ಬೆಳೆಯಿತು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಸ್ಥಾಪಿತವಾದ ಕಾಫಿ ಪ್ರಯೋಗಕೇಂದ್ರವು ಇಂದು ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಾಗಿದೆ. ಕನ್ನಂಬಾಡಿ ಕಟ್ಟೆಯ ನೀರು ನಾಲೆಯ ಮೂಲಕ ಮಂಡ್ಯದ ಒಣನೆಲವನ್ನು ಮುಟ್ಟಿದಾಗ ಅಲ್ಲಿ ಕಬ್ಬಿನ ಬೆಳೆಯನ್ನು ರೂಢಿಗೊಳಿಸುವುದರಲ್ಲಿಯೂ 1933ರಲ್ಲಿ ಮೈಸೂರು ಸಕ್ಕರೆ ಕಂಪೆನಿ ಸ್ಥಾಪನೆಯಾಗುವುದರಲ್ಲಿಯೂ ಅವರ ಪಾತ್ರ ಹಿರಿದಾಗಿತ್ತು. ಬಡವರ ಅನ್ನವಾದ ರಾಗಿಯ ಬೇಸಾಯವನ್ನು ಕುರಿತು ಅವರು ಪ್ರತ್ಯೇಕವಾದ ಹೊತ್ತಗೆಯನ್ನೇ ರಚಿಸಿದರು. ಜೋಳದ ಪೈರನ್ನು ತಿನ್ನುವ ರೆಕ್ಕೆಯಿಲ್ಲದ ಮಿಡತೆಯೊಂದಕ್ಕೆ ಕೋಲ್ಮೇನಿಯ ಎಂಬ ಕುಲನಾಮ ಬಂದಿರುವುದು ಅವರ ಹೆಸರಿನಿಂದಲೇ.

ಕೋಲ್ಮನ್ನರು ಒಬ್ಬರೇ ಎಲ್ಲವನ್ನೂ ಮಾಡಿದವರಲ್ಲ. ಮಾಡಲು ಬಯಸಿದವರೂ ಅಲ್ಲ. ಕೀಟಶಾಸ್ತ್ರದಲ್ಲಿ ಕೆ. ಕುಂಞಿಕಣ್ಣನ್, ಶಿಲೀಂಧ್ರಶಾಸ್ತ್ರದಲ್ಲಿ ಎಂ. ಕೆ. ವೆಂಕಟರಾವ್, ಎಂ. ಜೆ. ನರಸಿಂಹನ್ ಮೊದಲಾದ ಭಾರತೀಯ ವಿಜ್ಞಾನಿಗಳು ಇಲಾಖೆಯಲ್ಲಿ ದುಡಿದು ಸ್ವತಂತ್ರವಾದ ಕೀರ್ತಿಯನ್ನು ಗಳಿಸಿದರು. ಹೊರನಾಡಿನ ತಜ್ಞನೊಬ್ಬ ಬಂದು ಹೋದ ಮೇಲೆ ಕೆಲಸ ಕುಸಿದುಬೀಳುವುದಾದರೆ ಆ ಸೇವೆಗೆ ಬೆಲೆಯಿಲ್ಲ. ಈ ನೆಲದವರೇ ಈ ನೆಲದ ಬೆಳೆಯ ವೈದ್ಯರಾಗುವಂತೆ ಮಾಡಿದ್ದು ಅವರ ಸಾಧನೆಗಳಲ್ಲಿ ಕಡಮೆಯದೇನೂ ಅಲ್ಲ. 1925ರಿಂದ ಮೂರು ವರ್ಷಗಳ ಅವಧಿಯನ್ನು ಬಿಟ್ಟರೆ ಅವರು 1934ರವರೆಗೂ ನಿರ್ದೇಶಕರಾಗಿದ್ದರು. ಬಳಿಕ ಕೆನಡಾಕ್ಕೆ ಹಿಂದಿರುಗಿ ಸಸ್ಯಗಳ ಜೀವಕೋಶಗಳ ಅಧ್ಯಯನದಲ್ಲಿ ತೊಡಗಿದರು. 1954ರ ಸೆಪ್ಟೆಂಬರ್ 14ರಂದು, ತಮ್ಮ ಎಪ್ಪತ್ತಾರನೆಯ ವಯಸ್ಸಿನಲ್ಲಿ ನಿಧನ ಹೊಂದಿದರು.

ಕೋಲ್ಮನ್ನರ ಜೀವಿತದಲ್ಲಿ ಮೂರು ರೋಗಗಳ ಕಥೆ ಮೂರು ಬಗೆಯಾಗಿ ನಡೆಯಿತು. ಕೊಳೆರೋಗಕ್ಕೆ ಕಾರಣವೂ ದೊರೆಯಿತು, ಪರಿಹಾರವೂ ದೊರೆಯಿತು. ಅಣಬೆ ರೋಗದ ಕಾರಣ ತಿಳಿದರೂ ಅದನ್ನು ಸಂಪೂರ್ಣವಾಗಿ ಗುಣಪಡಿಸುವ ಔಷಧ ಇಂದಿಗೂ ದೊರೆತಿಲ್ಲ. ಆ ಶಿಲೀಂಧ್ರಕ್ಕೆ ಹಿಂದೆ ಕೊಟ್ಟ ಒಂದೇ ಹೆಸರಿನಡಿ ಹಲವು ಪ್ರಭೇದಗಳು ಅಡಗಿದ್ದವೆಂಬುದು ಈಚಿನ ಅಧ್ಯಯನಗಳಿಂದ ತಿಳಿದುಬಂದಿದೆ. ಸ್ಪೈಕ್ ರೋಗದ ಕಾರಣ ಅವರ ಕಾಲಾನಂತರ ಗೋಚರವಾಯಿತು; ಗಂಧದ ಮರಗಳ ಸಾವು ಮಾತ್ರ ಇನ್ನೂ ನಿಂತಿಲ್ಲ. ಗೆದ್ದುದನ್ನು ಜನರ ಕೈಗೆ ಒಪ್ಪಿಸಿ, ಗೆಲ್ಲದುದನ್ನು ಮುಂದಿನವರಿಗೆ ಪ್ರಾಮಾಣಿಕವಾಗಿ ದಾಟಿಸುವುದೇ ವಿಜ್ಞಾನದ ಪರಂಪರೆ.

ಈ ವಿವೇಕವು ನಗರದ ಮುದಿ ಮರಗಳ ವಿಷಯದಲ್ಲಿಯೂ ಅವಶ್ಯಕ. ಮರದಲ್ಲಿ ಅಣಬೆ ಕಂಡೊಡನೆ ಕೊಡಲಿ ಎತ್ತುವುದೂ ತಪ್ಪು, ಕಂಡೂ ಕಾಣದಂತೆ ಇರುವುದೂ ತಪ್ಪು. ಮರದ ನಡುವಿನ ಚೇಗು ಜೀವವಿಲ್ಲದ ಕಟ್ಟಿಗೆ. ನೀರನ್ನು ಮೇಲಕ್ಕೊಯ್ಯುವ ಜೀವಂತ ಭಾಗ ಹೊರಗಿನ ಪದರಗಳಲ್ಲಿರುತ್ತದೆ. ಆದುದರಿಂದ ಚೇಗು ಕೊಳೆತು ಪೊಟರೆಯಾದ ಮರವೂ ದಶಕಗಳ ಕಾಲ ಹಸಿರಾಗಿ ಬಾಳಬಲ್ಲದು; ಆ ಪೊಟರೆಗಳಲ್ಲಿಯೇ ಗಿಳಿ, ಗೂಬೆಗಳು ಸಂಸಾರ ಹೂಡುತ್ತವೆ. ಆದರೆ ಆಧಾರಬೇರುಗಳೇ ಕೊಳೆತಿದ್ದರೆ ಹಸಿರೆಲೆಗಳನ್ನು ಹೊತ್ತ ಮರವೂ ಒಂದು ಬಿರುಗಾಳಿಗೆ ಉರುಳಿ ಪ್ರಾಣಹಾನಿಯಾಗಬಹುದು. ಇವೆರಡರ ಅಂತರವನ್ನು ಅರಿಯಬೇಕಾದರೆ ಅಣಬೆಯ ಜಾತಿ, ಅದು ಇರುವ ಸ್ಥಳ ಮತ್ತು ಮರದ ಒಟ್ಟು ಸ್ಥಿತಿಯನ್ನು ತಾಳ್ಮೆಯಿಂದ ಪರೀಕ್ಷಿಸಬೇಕು. ವಿದ್ಯಾರ್ಥಿಗಳು ಇಂಥ ಅಣಬೆಗಳನ್ನು ಕೀಳದೆ, ಬಾಯಿಗೆ ಹಾಕದೆ, ಕಣ್ಣಿನಿಂದ ನೋಡಿ ಚಿತ್ರ ಬರೆದುಕೊಂಡು, ಮರದ ಹೆಸರನ್ನೂ ದಿನಾಂಕವನ್ನೂ ಗುರುತುಹಾಕಿಕೊಳ್ಳುವುದು ಒಳ್ಳೆಯ ಅಭ್ಯಾಸ. ಅಡಿಕೆಯ ತೋಟದಲ್ಲಿ ಕೋಲ್ಮನ್ನರ ಮಹತ್ಕಾರ್ಯವೂ ಆರಂಭವಾದದ್ದು ಇಂಥ ತಾಳ್ಮೆಯ ನೋಟದಿಂದಲೇ.